‘ಸಾಮಾನ್ಯ’ ಎಂಬೊಂದು ಶಬ್ದ

ಟಿಕೋಟಾ ತಾಲೂಕಿನ ಬಿಜ್ಜರಗಿಯಲ್ಲಿ ಹುಟ್ಟಿ ವಿಜಯಪುರದ ಜ್ಞಾನಯೋಗಾಶ್ರಮದಲ್ಲಿ ಬಾಳಿದ ಶ್ರೀ ಸಿದ್ಧೇಶ್ವರ ಸ್ವಾಮಿಗಳು 2014ರಲ್ಲಿ ಬರೆದಿಟ್ಟ ಅಂತಿಮ ಅಭಿವಂದನ ಪತ್ರವನ್ನು ವಾಚಕರು ಬಲ್ಲರು. ಅದರಲ್ಲಿ ಅವರು ತಮ್ಮ ಬದುಕನ್ನು ಸಾಮಾನ್ಯವೆಂದು ಕರೆದಿರುವರು. ಓದಿದವರಲ್ಲಿ ಬಹುಜನರು ‘ಇದು ವಿನಯ’ವೆಂದು ಪತ್ರವನ್ನು ಮಡಿಸಿಡುವರು. ಈ ವ್ಯಾಖ್ಯಾನವು ನಮಗೆ ಸಮ್ಮತವಲ್ಲ.

ಕಾಳಿದಾಸನು ರಘುವಂಶದ ಆರಂಭದಲ್ಲಿ ತನ್ನನ್ನು ಮಂದನೆಂದುಕೊಂಡನಷ್ಟೆ. ಅದು ಕವಿಸಂಪ್ರದಾಯ, ಸಭೆಯು ಅಲ್ಲಗಳೆಯಲೆಂಬ ನಿರೀಕ್ಷೆಯು ಅದರಲ್ಲಿಯೇ ಅಡಗಿದೆ. ಸ್ವಾಮಿಗಳ ಪತ್ರದಲ್ಲಾದರೋ ಆ ಶಬ್ದದ ಬೆನ್ನಿಗೆ ವಿಧಿನಿಷೇಧಗಳಿವೆ: ದೇಹವನ್ನು ಭೂಮಿಯಲ್ಲಿಡದೆ ಅಗ್ನಿಗರ್ಪಿಸಬೇಕು, ಭಸ್ಮವನ್ನು ನೀರಿಗೆ ಬಿಡಬೇಕು, ಸ್ಮಾರಕವು ಕೂಡದು. ಉಪಚಾರಕ್ಕಾಗಿ ವಿನಯವನ್ನಾಡುವವನು ತನ್ನ ಗದ್ದುಗೆಯನ್ನು ಇಷ್ಟು ಖಚಿತವಾಗಿ ನಿಷೇಧಿಸಲಾರನು. 2018ರಲ್ಲಿ ಪದ್ಮಶ್ರೀಯನ್ನು ಒಲ್ಲೆನೆಂದುದೂ ಆ ಶಬ್ದಕ್ಕೆ ಅವರೇ ಬರೆದ ಟೀಕೆಯೆನ್ನಬಹುದು.

ಜನರು ಅವರನ್ನು ‘ನಡೆದಾಡುವ ದೇವರು’ ಎಂದರು. ಪ್ರೀತಿಯಿಂದಲೇ ಎಂದರು, ನಿಜ. ಬಬಲೇಶ್ವರದ ಯಾವ ಮನೆಯಲ್ಲಿಯಾದರೂ ವೃದ್ಧರು ‘ನನಗೆ ಮರೆವು ಹೆಚ್ಚಿತು’ ಎಂದರೆ ‘ಛೇ, ಹಾಗೇನಿಲ್ಲ’ ಎನ್ನುವ ಮಕ್ಕಳದೂ ಪ್ರೀತಿಯೇ. ಆದರೆ ಅಲ್ಲಿಗೆ ಮಾತು ನಿಲ್ಲುತ್ತದೆ. ವೃದ್ಧರು ತಮ್ಮ ಮರೆವಿನೊಡನೆ ಒಬ್ಬರೇ ಉಳಿಯುತ್ತಾರೆ. ‘ಹೌದು, ನಾನೂ ಕಂಡಿದ್ದೇನೆ, ಏನು ಮಾಡೋಣ?’ ಎನ್ನುವ ಮಗನು ವಿರಳ. ತನ್ನ ಅಳತೆಯನ್ನು ತಾನೇ ಹೇಳಿದವನಿಗೆ ನಾವು ಹೊಗಳಿಕೆಯಿಂದ ಬಾಯಿ ಕಟ್ಟುವೆವು.

ಆಶ್ರಮದವರು ಮಾತ್ರ ಆ ಮಾತನ್ನು ಅಕ್ಷರಶಃ ಕೇಳಿದರು. 2023ರ ಜನವರಿ 2ರಂದು ಸ್ವಾಮಿಗಳು ದೇಹವಿಟ್ಟರು. ಮರುದಿನ ಅಪಾರ ಜನಸ್ತೋಮದ ಸಮಕ್ಷ ಆಶ್ರಮದ ಆವರಣದಲ್ಲಿ ಅಗ್ನಿಸಂಸ್ಕಾರವಾಯಿತು. ಭಸ್ಮವು ಕೂಡಲಸಂಗಮದ ಹೊಳೆಗೂ ಗೋಕರ್ಣದ ಕಡಲಿಗೂ ಸೇರಿತು.