ಆಟದ ಹಣ: ಡಯಾಬ್ಲೋದ ಚಿನ್ನದಿಂದ ಯೂಸಿಯವರೆಗೆ

ಸಾವಿರಾರು ಮಂದಿ ಒಟ್ಟಿಗೆ ಆಡುವ ಆನ್‌ಲೈನ್ ಆಟದಲ್ಲಿ ರಾಕ್ಷಸನನ್ನು ಕೊಂದವನಿಗೆ ಸಿಗುವ ಚಿನ್ನ ಯಾರ ಕಿಸೆಯಿಂದಲೂ ಬಂದದ್ದಲ್ಲ. ಕೊಂದ ಗಳಿಗೆಯಲ್ಲಿ ಸರ್ವರ್ ಅದನ್ನು ಹೊಸದಾಗಿ ಹುಟ್ಟಿಸುತ್ತದೆ. ಆಡುವವರು ಹೆಚ್ಚಿದಷ್ಟೂ, ಆಡುವ ಹೊತ್ತು ಹೆಚ್ಚಿದಷ್ಟೂ ಚಿನ್ನ ಹೆಚ್ಚುತ್ತದೆ. ಸತ್ತ ರಾಕ್ಷಸರು ಮತ್ತೆ ಮತ್ತೆ ಹುಟ್ಟಿ ಬರುವುದರಿಂದ ಇದಕ್ಕೆ ಕೊನೆಯಿಲ್ಲ. ಹೀಗಾಗಿ ಆಟ ಕಟ್ಟುವವರ ಲೆಕ್ಕಾಚಾರ ಜಲಾಶಯ ಕಾಯುವ ಎಂಜಿನಿಯರನ ಲೆಕ್ಕಾಚಾರದಂತೆ ಒಳಹರಿವು, ಹೊರಹರಿವುಗಳ ಸುತ್ತಲೇ ತಿರುಗುತ್ತದೆ. ಆಯುಧದ ರಿಪೇರಿ, ಪ್ರಯಾಣದ ಶುಲ್ಕ, ಹರಾಜಿನ ಕಮಿಷನ್, ಆಟದ ಅಂಗಡಿಯವನೇ ಮಾರುವ ಕುದುರೆ, ಇವೆಲ್ಲ ಹೊರಹರಿವಿನ ದಾರಿಗಳು. ಇಲ್ಲಿ ತೆತ್ತ ಹಣ ಮತ್ತೊಬ್ಬ ಆಟಗಾರನನ್ನು ಸೇರುವುದಿಲ್ಲ, ಇಲ್ಲವಾಗಿಬಿಡುತ್ತದೆ. ಆಟಗಾರರ ನಡುವಿನ ವ್ಯಾಪಾರದಲ್ಲಾದರೋ ಹಣ ಕೈಯಿಂದ ಕೈಗೆ ಹೋಗುತ್ತದೆಯೇ ಹೊರತು ಒಂದು ಕಾಸೂ ಕಡಿಮೆಯಾಗುವುದಿಲ್ಲ.

ಹೊರಹರಿವನ್ನು ಕಡೆಗಣಿಸಿದರೆ ಏನಾಗುತ್ತದೆ ಎಂಬುದನ್ನು ಬ್ಲಿಝಾರ್ಡ್ ಕಂಪನಿಯ ‘ಡಯಾಬ್ಲೋ 2’ (2000) ತೋರಿಸಿಕೊಟ್ಟಿತು. ಅದರಲ್ಲಿ ಚಿನ್ನ ಹೇರಳವಾಗಿತ್ತು, ಕೊಳ್ಳಲು ಯೋಗ್ಯವಾದದ್ದು ಅಂಗಡಿಯಲ್ಲಿ ಹೆಚ್ಚೇನೂ ಇರಲಿಲ್ಲ. ಆಟಗಾರರು ಚಿನ್ನವನ್ನು ಬಿಟ್ಟು ‘ಸ್ಟೋನ್ ಆಫ್ ಜಾರ್ಡನ್’ ಎಂಬ ಉಂಗುರವನ್ನೇ ಹಣವಾಗಿ ಬಳಸತೊಡಗಿದರು. ಉಂಗುರ ಅಪರೂಪದ್ದು, ಚೀಲದಲ್ಲಿ ಒಂದೇ ಮನೆ ಹಿಡಿಯುತ್ತದೆ, ಎಲ್ಲರಿಗೂ ಬೇಕಾದದ್ದು; ಒಳ್ಳೆಯ ನಾಣ್ಯಕ್ಕೆ ಇನ್ನೇನು ಬೇಕು? ಆದರೆ ಸಾಫ್ಟ್‌ವೇರ್‌ನ ಲೋಪಗಳನ್ನು ಹಿಡಿದು ಉಂಗುರದ ನಕಲುಗಳನ್ನು ಎಗ್ಗಿಲ್ಲದೆ ಹುಟ್ಟಿಸುವ ಖೋಟಾ ಟಂಕಸಾಲೆಗಳು ಎದ್ದವು. 2003ರ ಅಪ್‌ಡೇಟ್‌ನಲ್ಲಿ ಬ್ಲಿಝಾರ್ಡ್ ಕಂಡುಕೊಂಡ ಉಪಾಯ ಚತುರವಾದದ್ದು. ಆಟಗಾರರು ಸಾಕಷ್ಟು ಉಂಗುರಗಳನ್ನು ಅಂಗಡಿಗೆ ಮಾರಿದರೆ ಆ ಸರ್ವರ್‌ನಲ್ಲಿ ಮಹಾಬಲಶಾಲಿಯಾದ ಡಯಾಬ್ಲೋ ಎಂಬ ರಾಕ್ಷಸ ಪ್ರತ್ಯಕ್ಷನಾಗುತ್ತಿದ್ದ, ಅವನನ್ನು ಕೊಂದವರಿಗೆ ಬೇರೆಲ್ಲೂ ಸಿಗದ ತಾಯಿತ ಸಿಗುತ್ತಿತ್ತು. ಖೋಟಾ ನಾಣ್ಯವನ್ನು ಜನ ತಾವಾಗಿಯೇ ತಂದು ಸುರಿಯುವಂತೆ ಮಾಡಿದ ಈ ವ್ಯವಸ್ಥೆಯಲ್ಲಿ ಯಾರನ್ನೂ ಶಿಕ್ಷಿಸುವ ಅಗತ್ಯ ಬರಲಿಲ್ಲ.

ಅದೇ ಕಂಪನಿ ‘ಡಯಾಬ್ಲೋ 3’ರಲ್ಲಿ ಮಾಡಿದ್ದು ಇದಕ್ಕೆ ತದ್ವಿರುದ್ಧ. 2012ರ ಮೇ ತಿಂಗಳಲ್ಲಿ ಆಟ ಬಂತು, ಜೂನ್‌ನಲ್ಲಿ ನಿಜವಾದ ಹಣದ ಹರಾಜುಕಟ್ಟೆ ತೆರೆಯಿತು. ಆಟದಲ್ಲಿ ಸಿಕ್ಕ ಕತ್ತಿಯನ್ನು ಡಾಲರಿಗೆ ಮಾರಬಹುದಿತ್ತು. ಒಂದು ವಸ್ತುವಿನ ಗರಿಷ್ಠ ಬೆಲೆ 250 ಡಾಲರ್, ಪ್ರತಿ ಆಯುಧದ ಮಾರಾಟದಲ್ಲಿ ಕಂಪನಿಗೆ ಒಂದು ಡಾಲರ್. ಕದ್ದುಮುಚ್ಚಿ ನಡೆಯುತ್ತಿದ್ದ ವ್ಯಾಪಾರವನ್ನು ಬೆಳಕಿಗೆ ತಂದು ಮೋಸ ತಪ್ಪಿಸುವುದು ಉದ್ದೇಶವೆಂದು ಹೇಳಲಾಗಿತ್ತು. ಉದ್ದೇಶದಲ್ಲಿ ತಪ್ಪಿರಲಿಲ್ಲ, ಕೆಟ್ಟದ್ದು ಬೇರೆಯೇ ಕಡೆ. ಈ ಬಗೆಯ ಆಟದ ಜೀವಾಳವಿರುವುದು ಮುಂದಿನ ರಾಕ್ಷಸನ ಹೆಣದಿಂದ ಏನು ಬೀಳಬಹುದು ಎಂಬ ಕುತೂಹಲದಲ್ಲಿ. ಜಗತ್ತಿನ ಎಲ್ಲ ಆಟಗಾರರ ಲೂಟಿಯೂ ಒಂದೇ ಪರದೆಯಲ್ಲಿ, ಬೆಲೆಯ ಕ್ರಮದಲ್ಲಿ ಸಾಲಾಗಿ ನಿಂತಾಗ ತನ್ನ ಪಾಲಿಗೆ ಬಿದ್ದ ಕತ್ತಿ ಬಹುಮಟ್ಟಿಗೆ ಕಸ. ತಾಸುಗಟ್ಟಲೆ ಹೋರಾಡುವುದಕ್ಕಿಂತ ಹರಾಜುಕಟ್ಟೆಯಲ್ಲಿ ಹತ್ತು ನಿಮಿಷ ಹುಡುಕುವುದೇ ಲಾಭ. ನಾಣ್ಯ ಬಹುಮಾನವಾಗುವ ಬದಲು ಬಹುಮಾನವನ್ನೇ ನುಂಗಿಹಾಕಿತು.

2013ರ ಮೇ ತಿಂಗಳಲ್ಲಿ ಇನ್ನೊಂದು ಪೆಟ್ಟು ಬಿತ್ತು. ಚಿನ್ನದ ಬೆಲೆ ನೆಲಕಚ್ಚಿದ್ದರಿಂದ ಒಮ್ಮೆಗೆ ಮಾರಬಹುದಾದ ಚಿನ್ನದ ಪ್ರಮಾಣವನ್ನು ಹತ್ತು ಲಕ್ಷದಿಂದ ಒಂದು ಕೋಟಿಗೆ ಏರಿಸಲಾಗಿತ್ತು. ಹೀಗೆ ಇಟ್ಟ ಚಿನ್ನದ ಒಟ್ಟು ಮೊತ್ತ ಬಹಳ ದೊಡ್ಡದಾದಾಗ ಸಾಫ್ಟ್‌ವೇರ್ ಅದನ್ನು ಹಿಡಿದಿಡಲಾರದೆ ಲೆಕ್ಕ ತಪ್ಪಿತು. ಹರಾಜಿಗಿಟ್ಟ ಚಿನ್ನವನ್ನು ವಾಪಸ್ ಪಡೆದವರಿಗೆ ಇಟ್ಟದ್ದಕ್ಕಿಂತ ಹೆಚ್ಚು ಚಿನ್ನ ಮರಳುತ್ತಿತ್ತು. ಹರಾಜುಕಟ್ಟೆಯನ್ನು ತಕ್ಷಣ ನಿಲ್ಲಿಸಿ ಸರಿಪಡಿಸಿದರೂ ನಂಬಿಕೆ ಮರಳಲಿಲ್ಲ. 2014ರ ಮಾರ್ಚ್ 18ರಂದು ಕಂಪನಿ ಅದನ್ನು ಶಾಶ್ವತವಾಗಿ ಮುಚ್ಚಿತು. ಆಟದ ಮೂಲ ಸುಖಕ್ಕೇ ಅದು ಅಡ್ಡಿಯಾಯಿತೆಂದು ಒಪ್ಪಿಕೊಂಡದ್ದು ಕಂಪನಿಯ ದೊಡ್ಡತನವೆನ್ನಬೇಕು.

ಡಯಾಬ್ಲೋದ ಕುಲಕ್ಕೇ ಸೇರಿದ, ನ್ಯೂಜಿಲೆಂಡಿನ ಗ್ರೈಂಡಿಂಗ್ ಗಿಯರ್ ಗೇಮ್ಸ್ 2013ರ ಅಕ್ಟೋಬರ್‌ನಲ್ಲಿ ಬಿಡುಗಡೆ ಮಾಡಿದ ‘ಪಾತ್ ಆಫ್ ಎಕ್ಸೈಲ್’ ಈ ಸಮಸ್ಯೆಯನ್ನು ಬೇರಿನಲ್ಲೇ ಹಿಡಿಯಿತು. ಅದರಲ್ಲಿ ಚಿನ್ನವೇ ಇರಲಿಲ್ಲ. ಇದ್ದದ್ದು ಬಗೆಬಗೆಯ ಗೋಲಿಗಳು, ಒಂದೊಂದಕ್ಕೂ ಒಂದೊಂದು ಕೆಲಸ. ಕೇಯಾಸ್ ಗೋಲಿ ಆಯುಧದ ಗುಣಗಳನ್ನು ಹೊಸದಾಗಿ ಕಲಸುತ್ತದೆ, ಎಕ್ಸಾಲ್ಟೆಡ್ ಗೋಲಿ ಹೊಸ ಗುಣವೊಂದನ್ನು ಸೇರಿಸುತ್ತದೆ, ಡಿವೈನ್ ಗೋಲಿ ಇರುವ ಗುಣಗಳ ಅಂಕಿಗಳನ್ನು ಮತ್ತೆ ಉರುಳಿಸುತ್ತದೆ. ಬಳಸಿದೊಡನೆ ಗೋಲಿ ಮುಗಿಯಿತು. ವ್ಯಾಪಾರಕ್ಕೂ ಅವೇ ನಾಣ್ಯ. ಕೈಯಲ್ಲಿರುವ ಗೋಲಿಯನ್ನು ಬಳಸಿ ಅದೃಷ್ಟ ಪರೀಕ್ಷಿಸುವುದೋ, ಕೊಟ್ಟು ಬೇರೆಯವರ ಆಯುಧ ಕೊಳ್ಳುವುದೋ ಎಂಬ ತೂಗಾಟ ಆಟದುದ್ದಕ್ಕೂ ಬಿಡದು. ಪ್ರತ್ಯೇಕ ಹೊರಹರಿವು ಹುಡುಕುವ ಅಗತ್ಯವೇ ಇಲ್ಲಿ ಬಹುಪಾಲು ಬೀಳುವುದಿಲ್ಲ, ನಾಣ್ಯ ತನ್ನನ್ನು ತಾನೇ ಸವೆಸಿಕೊಳ್ಳುತ್ತದೆ. ಇದರ ಜೊತೆಗೆ ಮೂರ್ನಾಲ್ಕು ತಿಂಗಳಿಗೊಮ್ಮೆ ಹೊಸ ‘ಲೀಗ್’ ಆರಂಭವಾಗಿ ಎಲ್ಲರೂ ಬರಿಗೈಯಲ್ಲಿ ಹೊರಡುತ್ತಾರೆ. ಹಳೆಯ ಸಿರಿವಂತಿಕೆ ಹಳೆಯ ಲೋಕದಲ್ಲೇ ಉಳಿಯುತ್ತದೆ. ಬಹುಮಾನ ನಾಣ್ಯದ ವಿನ್ಯಾಸಗಳಲ್ಲಿ ಇದಕ್ಕಿಂತ ಅಚ್ಚುಕಟ್ಟಾದದ್ದು ಇನ್ನೊಂದನ್ನು ತೋರಿಸುವುದು ಕಷ್ಟ.

ಹಾಗೆಂದು ಇದು ಕುಂದಿಲ್ಲದ ವ್ಯವಸ್ಥೆಯಲ್ಲ. ನಾಣ್ಯಕ್ಕೆ ಸ್ವಂತ ಉಪಯೋಗವಿದ್ದಲ್ಲಿ ಆ ಉಪಯೋಗವನ್ನು ತಿದ್ದಿದ ದಿನವೇ ಬೆಲೆಯೂ ಬದಲಾಗುತ್ತದೆ. 2022ರ ಆಗಸ್ಟ್‌ನಲ್ಲಿ ಆಯುಧ ತಿದ್ದುವ ಕೆಲವು ಮುಖ್ಯ ಕೆಲಸಗಳನ್ನು ಎಕ್ಸಾಲ್ಟೆಡ್‌ನಿಂದ ಡಿವೈನ್‌ಗೆ ವರ್ಗಾಯಿಸಿದಾಗ, ವರ್ಷಗಟ್ಟಲೆ ದೊಡ್ಡ ನಾಣ್ಯವಾಗಿ ಮೆರೆದ ಎಕ್ಸಾಲ್ಟೆಡ್ ಕೆಳಗಿಳಿದು ಡಿವೈನ್ ಆ ಪಟ್ಟಕ್ಕೇರಿತು. ಕೂಡಿಟ್ಟವರಿಗೆ ನಷ್ಟವಾಯಿತು. ಎರಡನೆಯದಾಗಿ, ಹರಾಜುಕಟ್ಟೆ ಬೇಡವೆಂಬ ಹಟದಿಂದ ವ್ಯಾಪಾರವೇ ತ್ರಾಸದಾಯಕವಾಯಿತು: ಮಾರುವವನಿಗೆ ಸಂದೇಶ ಕಳಿಸಿ, ಉತ್ತರಕ್ಕೆ ಕಾದು, ಅವನ ಅಡಗುದಾಣಕ್ಕೆ ಹೋಗಿ ಕೊಡು-ಕೊಳ್ಳಬೇಕಿತ್ತು. 2024ರ ಜುಲೈನಲ್ಲಿ ಗೋಲಿಗಳ ವಿನಿಮಯ ಕಟ್ಟೆ ಬಂತು, ಅದರ ಶುಲ್ಕಕ್ಕಾಗಿ ಚಿನ್ನವೂ ಬಂತು. ಆದರೆ ಈ ಚಿನ್ನವನ್ನು ಇನ್ನೊಬ್ಬರಿಗೆ ಕೊಡುವಂತಿಲ್ಲ, ಆಡಿಯೇ ಗಳಿಸಬೇಕು. ಡಯಾಬ್ಲೋದ ಪಾಠವನ್ನು ಅವರು ಎಷ್ಟು ಚೆನ್ನಾಗಿ ಓದಿದ್ದರೆಂಬುದಕ್ಕೆ ಇದೇ ಸಾಕ್ಷಿ. ಒಂದು ಮಾತು ಮಾತ್ರ ಇಲ್ಲಿ ಹೇಳಲೇಬೇಕು: ನಾಣ್ಯದ ಬಗೆಗಳು ಹೆಚ್ಚಿದಷ್ಟೂ ಪೆಟ್ಟಿಗೆ ಸಾಲುವುದಿಲ್ಲ, ಹೆಚ್ಚಿನ ಅನುಕೂಲದ ಪೆಟ್ಟಿಗೆಯನ್ನು ಕಂಪನಿ ನಿಜವಾದ ಹಣಕ್ಕೆ ಮಾರುತ್ತದೆ.

ಐಸ್‌ಲೆಂಡಿನ ಸಿಸಿಪಿ ಕಂಪನಿಯ ‘ಈವ್ ಆನ್‌ಲೈನ್’ (2003) ಬೇರೆ ದಾರಿ ಹಿಡಿದ ಆಟ. 2007ರಲ್ಲಿ ಅದು ಆಟದ ಆರ್ಥಿಕತೆಯನ್ನು ಗಮನಿಸಲೆಂದೇ ಐಯೋಲ್ಫುರ್ ಗುಡ್ಮಂಡ್ಸನ್ ಎಂಬ ಅರ್ಥಶಾಸ್ತ್ರಜ್ಞನನ್ನು ನೇಮಿಸಿಕೊಂಡಿತು. ಆಟದ ಬಾಹ್ಯಾಕಾಶ ಯುದ್ಧದಲ್ಲಿ ನೌಕೆಗಳು ಸುಟ್ಟುಹೋದಾಗ ಹಣವೂ ಸುಟ್ಟಿತೆಂದು ಹೊರಗಿನವರು ಭಾವಿಸುವುದುಂಟು. ಸುಡುವುದು ಸರಕು, ನೌಕೆಯ ವಿಮೆಯ ಮೊತ್ತವಾಗಿ ಆಟ ಹೊಸ ಹಣವನ್ನೇ ಟಂಕಿಸಿ ಕೊಡುತ್ತದೆ. 2008ರಲ್ಲಿ ಬಂದ ಪ್ಲೆಕ್ಸ್ ಎಂಬ ಚಂದಾ ಚೀಟಿಯ ಜಾಣ್ಮೆ ಇರುವುದು ಸರಕು, ಹಣಗಳ ಈ ಭೇದವನ್ನು ಕಾಪಾಡಿದ್ದರಲ್ಲಿ. ದುಡ್ಡಿದ್ದು ಸಮಯವಿಲ್ಲದವನು ಡಾಲರ್ ಕೊಟ್ಟು ಪ್ಲೆಕ್ಸ್ ಕೊಳ್ಳುತ್ತಾನೆ, ಆಟದ ಹಣಕ್ಕೆ ಮಾರುತ್ತಾನೆ. ಸಮಯವಿದ್ದು ದುಡ್ಡಿಲ್ಲದವನು ಅದನ್ನು ಕೊಂಡು ತನ್ನ ತಿಂಗಳ ಚಂದಾ ತೀರಿಸಿಕೊಳ್ಳುತ್ತಾನೆ. ಆಟದೊಳಗೆ ಹೊಸ ಹಣ ಹುಟ್ಟುವುದಿಲ್ಲ, ಇದ್ದದ್ದೇ ಒಬ್ಬನಿಂದ ಒಬ್ಬನಿಗೆ ಸರಿಯುತ್ತದೆ. ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ 2015ರ ಏಪ್ರಿಲ್‌ನಲ್ಲಿ 20 ಡಾಲರಿನ ಟೋಕನ್ ತಂದದ್ದೂ ಇದೇ ತತ್ವದ ಮೇಲೆ.

ವಾರ್‌ಕ್ರಾಫ್ಟ್‌ನ ಇನ್ನೊಂದು ಕಥೆ ಹೆಚ್ಚು ಸ್ವಾರಸ್ಯಕರ. 2018ರಲ್ಲಿ ಅದು 50 ಲಕ್ಷ ಚಿನ್ನದ ಬೆಲೆಯ ಒಂದು ದೈತ್ಯ ಡೈನೋಸಾರ್ ಸವಾರಿಯನ್ನು ಅಂಗಡಿಗಿಟ್ಟಿತು. ಅದರ ಬೆನ್ನ ಮೇಲೆಯೇ ಹರಾಜುಕಟ್ಟೆಯ ಸೇವೆ ಲಭ್ಯ. ಉಬ್ಬಿಹೋಗಿದ್ದ ಚಿನ್ನವನ್ನು ಶ್ರೀಮಂತ ಆಟಗಾರರ ಕೈಯಿಂದ ಹೊರಹರಿಸಲು ಇದು ಉತ್ತಮ ಉಪಾಯವಾಗಿತ್ತು. 2024ರ ಅಕ್ಟೋಬರ್‌ನಲ್ಲಿ ಅಂಥದೇ ಡೈನೋಸಾರ್ ಮತ್ತೆ ಬಂತು, ಈ ಸಲ ಬೆಲೆ 90 ಡಾಲರ್. ಮೊದಲನೆಯದು ಆಟದ ಆರ್ಥಿಕತೆಗೆ ಔಷಧಿಯಾಗಿತ್ತು, ಎರಡನೆಯದು ಕಂಪನಿಯ ಆರ್ಥಿಕತೆಗೆ.

ಬಿಟ್ಟಿಯಾಗಿ ಆಡಲು ಸಿಗುವ ಆಟಗಳಿಗೆ ಬಂದರೆ ಪ್ರಶ್ನೆಯೇ ಬದಲಾಗುತ್ತದೆ. ಅಲ್ಲಿ ಸಾಮಾನ್ಯವಾಗಿ ಎರಡು ನಾಣ್ಯಗಳು: ಆಡಿ ಗಳಿಸುವುದೊಂದು, ದುಡ್ಡು ಕೊಟ್ಟು ಕೊಳ್ಳುವುದೊಂದು. ಬೇಕಾದದ್ದೆಲ್ಲ ಎರಡನೆಯದಕ್ಕೆ ಸಿಗುತ್ತದೆ. ‘ಫೋರ್ಟ್‌ನೈಟ್’ನಲ್ಲಿ ಆಡುತ್ತ ಹೋದಂತೆ ಬಹುಮಾನ ಕೊಡುವ ಬ್ಯಾಟಲ್ ಪಾಸ್‌ನ ಬೆಲೆ ಬಹುಕಾಲ 950 ವೀ-ಬಕ್ಸ್ ಇತ್ತು, ಕೊಳ್ಳುವ ನಾಣ್ಯವಾದ ವೀ-ಬಕ್ಸ್‌ನ ಕಟ್ಟು ಮಾತ್ರ 1,000ದ್ದಾಗಿತ್ತು. ಉಳಿಯುವ 50ಕ್ಕೆ ಕೊಳ್ಳುವಂಥದ್ದು ಏನೂ ಇಲ್ಲದಂತಾಗಿ, ಮತ್ತೊಂದು ಕಟ್ಟು ಕೊಳ್ಳುವ ಆಸೆ ಹುಟ್ಟುತ್ತಿತ್ತು. ಪಾಸ್ ಪೂರ್ತಿ ಆಡಿ ಮುಗಿಸಿದವರಿಗೆ ಕೊಟ್ಟದ್ದಕ್ಕಿಂತ ಹೆಚ್ಚು ವೀ-ಬಕ್ಸ್ ಮರಳುತ್ತಿತ್ತೆಂಬುದನ್ನೂ ಹೇಳದಿದ್ದರೆ ಅನ್ಯಾಯವಾದೀತು. ಆದರೆ ಗೊಂದಲದ ಬಟನ್‌ಗಳಿಂದ ಬೇಡದ ಖರೀದಿ ಮಾಡಿಸಿದ ಆರೋಪದ ಮೇಲೆ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2022ರ ಡಿಸೆಂಬರ್‌ನಲ್ಲಿ ಆ ಆಟದ ಕಂಪನಿಯಿಂದ ಗ್ರಾಹಕರ ಮರುಪಾವತಿಗಾಗಿಯೇ 24.5 ಕೋಟಿ ಡಾಲರ್ ಕಕ್ಕಿಸಿತು. ‘ಗೆನ್‌ಶಿನ್ ಇಂಪ್ಯಾಕ್ಟ್’ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಅಲ್ಲಿ ದುಡ್ಡು ಕೊಟ್ಟರೆ ಹರಳು, ಹರಳಿಗೆ ಪ್ರೈಮೋಜೆಮ್, 160 ಪ್ರೈಮೋಜೆಮ್‌ಗೆ ಒಂದು ಅದೃಷ್ಟದ ಚೀಟಿ. ಚೀಟಿ ಎಳೆದಾಗ ಬೇಕಾದ ಪಾತ್ರ ಸಿಗಬಹುದು, ಸಿಗದಿರಲೂಬಹುದು. ಮೂರು ಮೆಟ್ಟಿಲು ದಾಟುವಷ್ಟರಲ್ಲಿ ಖರ್ಚಾದದ್ದೆಷ್ಟು ಎಂಬ ಲೆಕ್ಕ ದೊಡ್ಡವರಿಗೇ ತಪ್ಪುತ್ತದೆ, ಮಕ್ಕಳ ಮಾತಿರಲಿ. 2025ರ ಜನವರಿಯಲ್ಲಿ 2 ಕೋಟಿ ಡಾಲರ್ ದಂಡಕ್ಕೆ ಒಪ್ಪಿಕೊಂಡ ಅದರ ಪ್ರಕಾಶಕರು ಈ ವಿನಿಮಯ ದರಗಳನ್ನು ಬಹಿರಂಗಪಡಿಸಬೇಕಾಯಿತು. ಇಲ್ಲಿ ನಾಣ್ಯ ಅಳತೆಗೋಲಲ್ಲ, ಪರದೆ. ಬಹುಮಾನವೆಂಬ ಹೆಸರು ಅದಕ್ಕೆ ಒಪ್ಪುವುದಿಲ್ಲ.

ಭಾರತದ ಆಟಗಾರರಿಗೆ ಹೆಚ್ಚು ಪರಿಚಿತವಾದದ್ದು ಬಿಜಿಎಂಐ ಆಟದ ಯೂಸಿ. ದುಡ್ಡು ಕೊಟ್ಟು ಕೊಳ್ಳಬಹುದಾದ, ಮರಳಿ ದುಡ್ಡಾಗದ ನಾಣ್ಯ ಅದು. ಅದಕ್ಕೆ ಸಿಗುವುದು ಬಹುಪಾಲು ಬಟ್ಟೆ, ಬಂದೂಕಿನ ಬಣ್ಣ. ಇಂಥ ಗಳಿಕೆಯ ಆಯುಸ್ಸು ಸರ್ವರ್‌ನ ಆಯುಸ್ಸಿಗಿಂತ ಹೆಚ್ಚಲ್ಲ. 2020ರ ಸೆಪ್ಟೆಂಬರ್‌ನಲ್ಲಿ ಬಿಜಿಎಂಐಯ ಹಿಂದಿನ ರೂಪವಾದ ಪಬ್‌ಜಿ ಮೊಬೈಲ್ ಭಾರತದಲ್ಲಿ ನಿಷೇಧವಾದಾಗ ಅದರೊಳಗೆ ಕೂಡಿಟ್ಟದ್ದೆಲ್ಲ ಕೈಗೆಟುಕದಂತಾಯಿತು, 2021ರಲ್ಲಿ ಬಿಜಿಎಂಐ ಬಂದಾಗ ಹಳೆಯ ಖಾತೆಯ ವಸ್ತುಗಳನ್ನು ವರ್ಗಾಯಿಸಿಕೊಳ್ಳಲು ಅವಕಾಶ ಸಿಕ್ಕಿತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಆಟಗಳ ಕಾಯ್ದೆ ಹಣ ಗೆಲ್ಲುವ ಆಸೆಯಿಂದ ಹಣ ಹೂಡುವ ಆಟಗಳನ್ನು ನಿಷೇಧಿಸುತ್ತದೆ. ಪಣದ ವ್ಯಾಖ್ಯೆಯಲ್ಲಿ ಆಟದ ನಾಣ್ಯ, ಟೋಕನ್‌ಗಳನ್ನೂ ಸೇರಿಸಿದೆ. ಅದರ ಗುರಿ ಜೂಜು. ಬಟ್ಟೆ, ಬಣ್ಣಗಳ ಬೆಲೆಯನ್ನು ಯೂಸಿಯ ಪಕ್ಕದಲ್ಲೇ ರೂಪಾಯಿಯಲ್ಲೂ ತೋರಿಸಬೇಕೆಂಬ ನಿಯಮ ಆ ಕಾಯ್ದೆಯಲ್ಲಿಲ್ಲ.