ಶಿಶುಗೀತೆಯೂ ಶಬ್ದಸಂಪತ್ತೂ

ಮಕ್ಕಳಿಗೆ ಮಾತು ಕಲಿಸುವುದೆಂದರೆ ಹೆಸರುಗಳನ್ನು ಒಪ್ಪಿಸುವಂತೆ ಮಾಡುವುದೆಂಬ ಭಾವನೆ ವಿದ್ಯಾವಂತರ ಮನೆಗಳಲ್ಲಿ ಬಲವಾಗಿ ಬೇರೂರಿದೆ. ಚಿತ್ರವನ್ನು ತೋರಿ, ಹೆಸರು ಹೇಳಿಸಿ, ಮಗುವು ಇಷ್ಟು ಶಬ್ದಗಳನ್ನು ಬಲ್ಲುದೆಂದು ಎಣಿಸಿ ಹಿಗ್ಗುತ್ತೇವೆ. ಹೀಗೆ ಬಂದ ಶಬ್ದವು ನಾಲಗೆಯ ಮೇಲೆ ನಿಂತೀತೇ ಹೊರತು ಮಾತಿಗೆ ಒದಗುವುದು ಅಪೂರ್ವ. ಶಬ್ದವು ಮಗುವಿನ ಸ್ವಂತದ್ದಾಗಬೇಕಾದರೆ ಅದು ಒಂದು ಸಂಗತಿಯೊಳಗೆ ಬೆರೆತು ಬರಬೇಕು. ಈ ತತ್ತ್ವವನ್ನು ಕೃತಿಯಿಂದಲೇ ತೋರಿಸಿಕೊಟ್ಟವರಲ್ಲಿ, ರಾಮನಗರದಲ್ಲಿ ಹುಟ್ಟಿ 1979ರಲ್ಲಿ ಕಾಲವಾದ ಜಿ. ಪಿ. ರಾಜರತ್ನಂ ಅವರು ಪ್ರಮುಖರು.

ಅವರ ‘ತುತ್ತೂರಿ’ಯನ್ನು ಪರಿಶೀಲಿಸೋಣ. ಕಸ್ತೂರಿಯೆಂಬ ಹುಡುಗನು ತಗಡಿನ ತುತ್ತೂರಿಯೊಂದನ್ನು ಕೊಂಡು, ಊದುತ್ತ, ಬೀಗುತ್ತ ನಡೆಯುತ್ತಾನೆ. ಕೊಳದ ಬಳಿ ಅದು ಜಾರಿ ನೀರಿಗೆ ಬೀಳುತ್ತದೆ. ದನಿಯೂ ಕೆಡುತ್ತದೆ, ಬಣ್ಣವೂ ಹೋಗುತ್ತದೆ. ಇಲ್ಲಿ ಹೆಜ್ಜೆಹೆಜ್ಜೆಗೂ ಒಂದು ಕ್ರಿಯಾಪದವಿದೆ. ಮೊದಲು ಸ್ವರಗಳು ಕ್ರಮವಾಗಿ ಏರಿ ಇಳಿಯುತ್ತವೆ. ನೀರಿಗೆ ಬಿದ್ದ ಮೇಲೆ ಒಂದೇ ಸ್ವರವು ತಡವರಿಸುತ್ತದೆ. ‘ಗಂಟಲು ಕಟ್ಟುವುದು’ ಎಂಬ ಮಾತಿನ ಅರ್ಥವನ್ನು ಮಗುವು ಕಿವಿಯಿಂದಲೇ ಗ್ರಹಿಸುತ್ತದೆ. ನೆಗಡಿಯಲ್ಲಿ ತಾನು ಅನುಭವಿಸಿದುದು ತುತ್ತೂರಿಗೂ ಆಯಿತೆಂದು ನಗುವಾಗ, ಅಲಂಕಾರಿಕರು ಲಕ್ಷಣೆಯೆಂದು ಕರೆಯುವುದರ ಮೊದಲ ಪಾಠವೂ ಆಗಿಹೋಗುತ್ತದೆ. ‘ನಾಯಿಮರಿ’ಯಲ್ಲಿ ಕ್ರಮವು ಬೇರೆ. ಅದು ಪ್ರಶ್ನೋತ್ತರದ ಹಾಡು. ತಾಯಿ ಕೇಳಿ ಮಗು ಉತ್ತರಿಸಬಹುದು. ‘ಏಕೆ’ ಎಂಬುದಕ್ಕೆ ಕಾರಣ ಹೇಳುವ ವಾಕ್ಯರಚನೆಯು ಆಟದಲ್ಲಿಯೇ ಅಭ್ಯಾಸವಾಗುತ್ತದೆ.

ಇದರ ಬೆಲೆಯನ್ನು ಈಗ ವಿಶೇಷವಾಗಿ ಅರಿಯಬೇಕಾಗಿದೆ. ನಮ್ಮ ಮಕ್ಕಳು ಹಾರುವುದಿಲ್ಲ, ‘ಜಂಪ್ ಮಾಡು’ತ್ತಾರೆ, ತೊಳೆಯುವುದಿಲ್ಲ, ‘ವಾಷ್ ಮಾಡು’ತ್ತಾರೆ. ಎಲ್ಲ ಕೆಲಸಕ್ಕೂ ‘ಮಾಡು’ ಒಂದೇ ಉಳಿದರೆ ಭಾಷೆಯ ಬೆನ್ನೆಲುಬೇ ಮುರಿದಂತೆ. ಹೆಸರುಗಳನ್ನು ಎರವಲು ತಂದರೂ ಭಾಷೆ ಬದುಕೀತು. ಕ್ರಿಯಾಪದಗಳನ್ನು ಕಳೆದುಕೊಂಡರೆ ಬದುಕುವುದು ಕಷ್ಟ.

ಕವಿಯಲ್ಲಿ ದೋಷವೇ ಇಲ್ಲವೆಂದಲ್ಲ. ‘ನೀರೂರಿ’ಯಂಥ ರೂಪವು ಪ್ರಾಸದ ಒತ್ತಾಯಕ್ಕೆ ಬಂದುದು, ಎಳೆಯರಿಗೆ ಅದು ಸುಲಭವಾಗಿ ತಿಳಿಯದು. ತಗಡಿನ ಆಟಿಕೆಯೂ ಕಾಸಿನ ನಾಣ್ಯವೂ ಇಂದಿನ ಮಗುವಿನ ಕಣ್ಣಿಗೆ ಬೀಳುವುದಿಲ್ಲವೆಂದು ಕೆಲವರು ಆಕ್ಷೇಪಿಸಬಹುದು. ಆದರೆ ಅದು ಕವಿಯ ಕೊರತೆಯಲ್ಲ, ಹಿರಿಯರಿಗೆ ಒದಗಿದ ಅವಕಾಶ. ಚನ್ನಪಟ್ಟಣದ ಅರಗಿನ ಬಣ್ಣದ ಮರದ ಬೊಂಬೆಯನ್ನು ಒಂದು ಕೈಯಲ್ಲಿಯೂ, ತಗಡಿನ ಮುಚ್ಚಳವೊಂದನ್ನು ಇನ್ನೊಂದು ಕೈಯಲ್ಲಿಯೂ ಕೊಟ್ಟು ತಟ್ಟಿ ನೋಡೆಂದರೆ ಸಾಕು. ತಗಡೆಂದರೇನೆಂಬುದಕ್ಕೆ ನಿಘಂಟು ಬೇಡ.

ನಿಜವಾದ ಕೇಡು ಬೇರೆಡೆಯಲ್ಲಿದೆ. ಕೈಸನ್ನೆಗಳೊಡನೆ ಹಾಡಿಸಿ, ‘ಜಂಬಪಡಬಾರದು’ ಎಂಬ ನೀತಿಯನ್ನು ಹೇಳಿಸಿ, ಪದ್ಯವು ಮುಗಿಯಿತೆಂದು ಭಾವಿಸುತ್ತೇವೆ. ನೀತಿಯು ಒಂದು ವಾಕ್ಯದಲ್ಲಿ ಮುಗಿಯುತ್ತದೆ, ಶಬ್ದಗಳು ಆಯುಷ್ಯವಿಡೀ ಜೊತೆಗಿರುತ್ತವೆ. ಹಾಡಿದ ಬಳಿಕ ಮಗುವು ಕಥೆಯನ್ನು ತನ್ನ ಮಾತಿನಲ್ಲಿ ಹೇಳಲಿ. ಮನೆಯಲ್ಲಿ ಏನಾದರೂ ಕೈ ಜಾರಿ ಬಿದ್ದಾಗ ‘ಜಾರಿತು’ ಎಂದು ತಾನಾಗಿ ಅನ್ನಲಿ. ಅಂದು ಆ ಶಬ್ದವು ಅದರದಾಯಿತು, ಶಿಶುಗೀತೆಯೂ ಸಾರ್ಥಕವಾಯಿತು.