ಹೃದಯದ ಪಟ್ಟಿಯಲ್ಲಿ ಇಲ್ಲದ ಪ್ರಶ್ನೆ

2025ರ ಜೂನ್ ತಿಂಗಳಲ್ಲಿ ಹಾಸನ ಜಿಲ್ಲೆಯ ಹೃದಯಾಘಾತದ ಸುದ್ದಿಗಳು ಒಂದರ ಹಿಂದೊಂದು ಬಂದಾಗ ಬೆಂಗಳೂರು, ಮೈಸೂರುಗಳ ಜಯದೇವ ಆಸ್ಪತ್ರೆಗಳ ಮುಂದೆ ಇಸಿಜಿಗಾಗಿ ಸಾಲುಗಳು ಬೆಳೆದದ್ದು ನಿಮಗೆ ನೆನಪಿರಬಹುದು. ಡಾ. ಕೆ.ಎಸ್. ರವೀಂದ್ರನಾಥ್ ನೇತೃತ್ವದ ಸಮಿತಿ 24 ಸಾವುಗಳನ್ನು ಪರಿಶೀಲಿಸಿ, ಅವುಗಳಲ್ಲಿ 4 ಹೃದಯಕ್ಕೆ ಸಂಬಂಧಿಸಿದವೇ ಅಲ್ಲವೆಂದಿತು. ಅಷ್ಟರಲ್ಲಿ ನಮ್ಮ ಪತ್ರಿಕೆಗಳೂ ಟಿ.ವಿ. ಚರ್ಚೆಗಳೂ ಒಂದು ಪದವನ್ನು ಬೇಕಾಬಿಟ್ಟಿ ಬಳಸಿ ಮುಗಿಸಿದ್ದವು: ಒತ್ತಡ.

ಈ ಪದದ ಬಗ್ಗೆ ನನಗೆ ತಕರಾರಿದೆ. ಕಂತು ಕಟ್ಟುವ ಚಿಂತೆ, ಮಕ್ಕಳ ಪರೀಕ್ಷೆ, ಬಸ್ಸು ತಪ್ಪುವ ಗಾಬರಿ, ಮನೆಯ ಮೇಲೆ ಗುಡ್ಡ ಕುಸಿದ ರಾತ್ರಿ, ಇವೆಲ್ಲಕ್ಕೂ ನಾವು ಒಂದೇ ಹೆಸರಿಡುತ್ತೇವೆ. ಕೊನೆಯದು ಬೇರೆಯೇ ಜಾತಿಯದು. ಜೀವಕ್ಕೆ ಸಂಚಕಾರ ಬಂದ ಘಟನೆ ಮುಗಿದು ತಿಂಗಳುಗಳು, ವರ್ಷಗಳು ಕಳೆದರೂ ದೇಹ ಅದನ್ನು ಮುಗಿದದ್ದೆಂದು ಒಪ್ಪದ ಸ್ಥಿತಿಯನ್ನು ಆಘಾತೋತ್ತರ ಒತ್ತಡದ ಬೇನೆ ಎನ್ನುತ್ತಾರೆ. ಅಮೆರಿಕದ ಮನೋವೈದ್ಯರ ಸಂಘ 1980ರಲ್ಲಿ ಇದನ್ನು ತನ್ನ ರೋಗಪಟ್ಟಿಗೆ ಸೇರಿಸಿತು. ಘಟನೆ ಕನಸಿನಲ್ಲಿ ಮರುಕಳಿಸುವುದು, ಸಣ್ಣ ಸದ್ದಿಗೂ ಬೆಚ್ಚುವುದು, ಆ ಜಾಗದ ಕಡೆ ಕಾಲಿಡದಿರುವುದು, ನಿದ್ದೆ ಬಾರದಿರುವುದು ಇದರ ಗುರುತುಗಳು. ಆಘಾತ ಕಂಡವರಿಗೆಲ್ಲ ಇದು ಬರುವುದಿಲ್ಲ; ಬಹುಪಾಲು ಜನ ಚೇತರಿಸಿಕೊಳ್ಳುತ್ತಾರೆ.

ಈಗ ನಕ್ಷೆಯಲ್ಲಿ ನೆಮ್ಮಾರನ್ನು ಹುಡುಕಿ. ಶೃಂಗೇರಿಯಿಂದ ಕಾರ್ಕಳಕ್ಕೆ ಹೋಗುವ ರಸ್ತೆಯಲ್ಲಿ, ತುಂಗೆಯ ಮಗ್ಗುಲಲ್ಲಿರುವ ಊರು. ಮೇಲಿನ ಕಾಡು 1987ರಲ್ಲಿ ಕುದುರೆಮುಖ ರಾಷ್ಟ್ರೀಯ ಉದ್ಯಾನವೆಂದು ಘೋಷಿತವಾದಂದಿನಿಂದ ಸುತ್ತಲಿನ ಹಳ್ಳಿಗಳಲ್ಲಿ ಒಕ್ಕಲೇಳುವ ಭಯ ಹೊಕ್ಕಿತು. ಆಮೇಲೆ ಬಂದದ್ದು ಬಂದೂಕಿನ ಕಾಲ. 2005ರ ಫೆಬ್ರವರಿಯಲ್ಲಿ ಇದೇ ಜಿಲ್ಲೆಯ ಬಳಿಗೆಯಲ್ಲಿ ಸಾಕೇತ್ ರಾಜನ್ ಪೊಲೀಸರ ಗುಂಡಿಗೆ ಬಲಿಯಾದರು. 2007ರ ಜುಲೈಯಲ್ಲಿ ಮೆಣಸಿನಹಾಡ್ಯದ ಬಳಿ ಐವರು ಸತ್ತರು. ರಾತ್ರಿ ಬಾಗಿಲು ತಟ್ಟುವವರು ಯಾರೆಂದು ತಿಳಿಯದೆ ಕಳೆದ ಆ ವರ್ಷಗಳ ಬಗ್ಗೆ ಮಲೆನಾಡಿನ ಕಾಡಂಚಿನ ಮನೆಗಳಲ್ಲಿ ಇಂದಿಗೂ ತಗ್ಗಿದ ದನಿಯಲ್ಲೇ ಮಾತು. 2025ರ ಜನವರಿಯಲ್ಲಿ ಮುಂಡಗಾರು ಲತಾ ಸೇರಿ ಆರು ಮಂದಿ ಶರಣಾದಾಗ ಆ ಅಧ್ಯಾಯ ಹೆಚ್ಚುಕಡಿಮೆ ಮುಗಿಯಿತು. ಕಡತದಲ್ಲಿ, ಅಷ್ಟೆ.

ಇಂಥ ಹಳ್ಳಿಗೆ ಆಶಾ ಕಾರ್ಯಕರ್ತೆ ಒಂದು ನಮೂನೆ ಹಿಡಿದು ಬರುತ್ತಾರೆ. 30 ದಾಟಿದವರಿಗಾಗಿ ಮಾಡಿದ ರಾಷ್ಟ್ರೀಯ ತಪಾಸಣಾ ಪಟ್ಟಿ ಅದು. ವಯಸ್ಸು, ತಂಬಾಕು, ಕುಡಿತ, ಸೊಂಟದ ಸುತ್ತಳತೆ, ವ್ಯಾಯಾಮ, ಮನೆತನದ ಕಾಯಿಲೆ ಇವಕ್ಕೆ ಅಂಕ; ಮೊತ್ತ 4ನ್ನು ಮೀರಿದರೆ ತಪಾಸಣೆಗೆ ಆದ್ಯತೆ. ಈಚೆಗೆ ಖಿನ್ನತೆಯ ಎರಡು ಪ್ರಶ್ನೆಗಳೂ ಸೇರಿವೆ, ಒಳ್ಳೆಯದೇ. ಆದರೆ ಅವು ಕಳೆದ ಎರಡು ವಾರಗಳ ಮನಸ್ಸನ್ನಷ್ಟೇ ಕೇಳುತ್ತವೆ. ‘ನಿಮಗೆ ಹಿಂದೆ ಏನಾಗಿತ್ತು?’ ಎಂಬ ಪ್ರಶ್ನೆ ಇಲ್ಲ.

ದೊಡ್ಡ ಸಂಶೋಧನೆಗಳೂ ಇದೇ ದಾರಿಯಲ್ಲಿ ಎಡವಿವೆ. 2004ರಲ್ಲಿ ಪ್ರಕಟವಾದ ಇಂಟರ್‌ಹಾರ್ಟ್ ಅಧ್ಯಯನ 52 ದೇಶಗಳ 11,119 ಹೃದಯಾಘಾತ ರೋಗಿಗಳನ್ನೂ 13,648 ಇತರರನ್ನೂ ಹೋಲಿಸಿತು. ಬೆಂಗಳೂರಿನ ಸೇಂಟ್ ಜಾನ್ಸ್ ಕೂಡ ಅದರಲ್ಲಿತ್ತು. ಮನಸ್ಸಿನ ಒತ್ತಡ ಹೃದಯಾಘಾತದ ಪ್ರಮುಖ ಕಾರಣಗಳಲ್ಲೊಂದು ಎಂದು ತೋರಿಸಿದ್ದು ಅದರ ದೊಡ್ಡ ಕೊಡುಗೆ. ಆದರೆ ಬದುಕಿನ ಕಹಿ ಘಟನೆಗಳ ಬಗ್ಗೆ ಅದು ಕೇಳಿದ್ದು ಹಿಂದಿನ ಒಂದು ವರ್ಷದ ಮಟ್ಟಿಗೆ. ಇಪ್ಪತ್ತು ವರ್ಷದ ಹಿಂದಿನ ಗುಂಡಿನ ಸದ್ದು ಆ ಜರಡಿಯಲ್ಲಿ ನಿಲ್ಲುವುದಿಲ್ಲ.

ಹಳೆಯ ಆಘಾತ ಹೃದಯವನ್ನು ಮುಟ್ಟುತ್ತದೆ ಎನ್ನಲು ಪುರಾವೆ ಏನು? ನನ್ನ ಮಟ್ಟಿಗೆ ಬಲವಾದದ್ದು ವಿಯೋಲಾ ವಕಾರಿನೊ ತಂಡ 2013ರಲ್ಲಿ ಪ್ರಕಟಿಸಿದ ಅವಳಿಗಳ ಅಧ್ಯಯನ. ವಿಯೆಟ್ನಾಂ ಯುದ್ಧಕಾಲದಲ್ಲಿ ಸೇನೆಯಲ್ಲಿದ್ದ 562 ಅವಳಿ ಗಂಡಸರನ್ನು ಸುಮಾರು 13 ವರ್ಷ ಹಿಂಬಾಲಿಸಲಾಯಿತು. ಈ ಬೇನೆಯಿದ್ದವರಲ್ಲಿ ಶೇ. 22.6 ಮಂದಿಗೆ ಹೃದ್ರೋಗ ಬಂತು, ಇಲ್ಲದವರಲ್ಲಿ ಶೇ. 8.9. ಒಂದೇ ಮನೆಯಲ್ಲಿ ಬೆಳೆದ, ಜೀನುಗಳನ್ನು ಹಂಚಿಕೊಂಡ ಅವಳಿಗಳಲ್ಲಿ ಒಬ್ಬನಿಗೆ ಬೇನೆಯಿದ್ದು ಇನ್ನೊಬ್ಬನಿಗೆ ಇಲ್ಲದಿದ್ದರೂ ವ್ಯತ್ಯಾಸ ಹೆಚ್ಚುಕಡಿಮೆ ಇಮ್ಮಡಿಯಾಗಿಯೇ ಉಳಿಯಿತು. ಇದು ಗಂಡಸರ, ಸೈನಿಕರ ಮಾತು ಎಂದು ತಳ್ಳಿಹಾಕುವಂತಿಲ್ಲ. ಅಮೆರಿಕದ ದಾದಿಯರ ಮೇಲೆ ನಡೆದ, 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ನಾಲ್ಕು ಅಥವಾ ಹೆಚ್ಚು ಲಕ್ಷಣಗಳಿದ್ದ ಹೆಂಗಸರಿಗೆ ಹೃದ್ರೋಗ ಮತ್ತು ಪಾರ್ಶ್ವವಾಯುವಿನ ಅಪಾಯ, ಆಘಾತವನ್ನೇ ಕಾಣದವರಿಗಿಂತ ಶೇ. 60ರಷ್ಟು ಹೆಚ್ಚಿತ್ತು.

ಒಳಗೆ ನಡೆಯುವುದು ಹೀಗಿರಬಹುದು. ಮಿದುಳಿನ ಅಮಿಗ್ಡಲಾ ಎಂಬ ಪುಟ್ಟ ಭಾಗ ಕಾವಲುಗಾರನಂತೆ. ಈ ಬೇನೆಯಲ್ಲಿ ಅದು ಪಾಳಿ ಮುಗಿದರೂ ಮಲಗುವುದಿಲ್ಲ. ಅಡ್ರಿನಲಿನ್ ಪದೇಪದೇ ಏರುತ್ತದೆ, ನಾಡಿ ಮತ್ತು ರಕ್ತದೊತ್ತಡ ರಾತ್ರಿಯೂ ಇಳಿಯುವುದಿಲ್ಲ, ಅಪಧಮನಿಯ ಒಳಪದರ ಸವೆಯುತ್ತದೆ. 2017ರಲ್ಲಿ ಅಹ್ಮದ್ ತವಕೋಲ್ ತಂಡ 293 ಮಂದಿಯ ಪೆಟ್ ಸ್ಕ್ಯಾನ್ ನೋಡಿ, ಅಮಿಗ್ಡಲಾ ಚುರುಕಾಗಿದ್ದವರಲ್ಲಿ ಅಸ್ಥಿಮಜ್ಜೆಯೂ ಚುರುಕಾಗಿ, ಅಪಧಮನಿಗಳಲ್ಲಿ ಉರಿಯೂತ ಹೆಚ್ಚಿದ್ದುದನ್ನು ಕಂಡಿತು. ‘ಎದೆ ಝಲ್ಲೆಂದಿತು’ ಎನ್ನುವ ನಮ್ಮ ನುಡಿಗೆ ಇಷ್ಟೊಂದು ಶರೀರಶಾಸ್ತ್ರವಿದೆ.

ಆಕ್ಷೇಪವೂ ಇದೆ, ಮತ್ತು ಅದು ಗಟ್ಟಿಯಾದದ್ದೇ. ಜೆಫ್ರಿ ಶೆರರ್ ತಂಡ 2019ರಲ್ಲಿ ಮಾಜಿ ಸೈನಿಕರ ದಾಖಲೆಗಳನ್ನು ಜಾಲಾಡಿತು. ವಯಸ್ಸನ್ನಷ್ಟೇ ಲೆಕ್ಕಕ್ಕೆ ಹಿಡಿದಾಗ ಬೇನೆಯಿದ್ದವರಿಗೆ ಹೃದ್ರೋಗದ ಅಪಾಯ ಶೇ. 41 ಹೆಚ್ಚಿತ್ತು, ಧೂಮಪಾನ, ಖಿನ್ನತೆ, ನಿದ್ರಾದೋಷ, ಮಧುಮೇಹ ಮುಂತಾದವನ್ನು ಸೇರಿಸಿದಾಗ ಆ ಹೆಚ್ಚಳ ಅಳಿಸಿಹೋಯಿತು. ಹಾಗಾದರೆ ಆಘಾತ ನಿರಪರಾಧಿಯೇ? ಹಾಗೆ ಓದುವವರು ಲೆಕ್ಕವನ್ನು ಸರಿಯಾಗಿ ಮಾಡಿ ಅರ್ಥವನ್ನು ತಪ್ಪಿಸುತ್ತಾರೆ ಎಂಬುದು ನನ್ನ ಅಭಿಪ್ರಾಯ. ನಿದ್ದೆ ಬಾರದವನು ಬೀಡಿ ಹಚ್ಚುತ್ತಾನೆ, ಸಂಜೆ ಕುಡಿಯುತ್ತಾನೆ. ಆಗ ಬೀಡಿ ಬೇರೊಂದು ಕಾರಣವಲ್ಲ, ಆಘಾತ ಹೃದಯಕ್ಕೆ ನಡೆದುಬಂದ ದಾರಿ. ಇದನ್ನು ಬಿಟ್ಟು ‘ಬೀಡಿ ಬಿಡಿ’ ಎಂದಷ್ಟೇ ಹೇಳಿ ಹೋಗುವ ಆರೋಗ್ಯ ಶಿಕ್ಷಣ ಅರ್ಧ ಕೆಲಸ ಮಾಡುತ್ತದೆ.

ಎದುರು ದಿಕ್ಕಿನ ಅತಿರೇಕವನ್ನೂ ಹೇಳಬೇಕು. ಭಯದಿಂದ ಹೃದಯ ಒಮ್ಮೆಗೇ ನಿಲ್ಲಬಹುದು, ನಿಜ. 1994ರ ಜನವರಿ 17ರ ಭೂಕಂಪದ ದಿನ ಲಾಸ್ ಏಂಜಲಿಸ್‌ನಲ್ಲಿ ಹೃದ್ರೋಗದ ಹಠಾತ್ ಸಾವುಗಳು 24ಕ್ಕೇರಿದ್ದವು, ಹಿಂದಿನ ವಾರದ ದಿನದ ಸರಾಸರಿ 4.6. ಆದರೆ ಪ್ರತಿ ಹಠಾತ್ ಸಾವಿಗೂ ‘ಮನಸ್ಸಿಗೆ ಹಚ್ಚಿಕೊಂಡ’ ಎಂದು ಷರಾ ಬರೆಯುವುದು ವಿಜ್ಞಾನವಲ್ಲ. ಅಳೆಯದೆ ಬಿಟ್ಟ ರಕ್ತದೊತ್ತಡ, ಅರ್ಧಕ್ಕೆ ನಿಲ್ಲಿಸಿದ ಮಾತ್ರೆ ಆ ಮಾತಿನ ಹಿಂದೆ ಅಡಗಿ ಕೂರುತ್ತವೆ.

ಎದೆನೋವು ಬಂದರೆ ಮನಸ್ಸಿನ ಮಾತು ಆಮೇಲೆ, ಮೊದಲು ತಾಲ್ಲೂಕು ಆಸ್ಪತ್ರೆ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯ ಗುರಿಯೇ ಹತ್ತಿರದಲ್ಲಿ ಇಸಿಜಿ ತೆಗೆದು ಹೆಪ್ಪು ಕರಗಿಸುವ ಚುಚ್ಚುಮದ್ದು ಕೊಡುವುದು. ಆದರೆ ಎದೆನೋವಿಲ್ಲದ ದಿನ, ನಮೂನೆ ತುಂಬುವಾಗ, ‘ರಾತ್ರಿ ನಿದ್ದೆ ಬರುತ್ತದೆಯೇ? ಏನಾದರೂ ನೆನಪಾಗಿ ಎಚ್ಚರವಾಗುತ್ತದೆಯೇ?’ ಎಂದು ಕೇಳಲು ಎರಡು ನಿಮಿಷ ಸಾಕು. ಹೌದೆಂದವರನ್ನು ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ವೈದ್ಯರಿಗೆ ತೋರಿಸಬಹುದು; ಟೆಲಿ-ಮಾನಸ್ 14416ಕ್ಕೆ ಕನ್ನಡದಲ್ಲೇ ಮಾತಾಡಬಹುದು. ಕಾಡಂಚಿನ ಮನೆಗಳವರು ಅದಕ್ಕಾಗಿ ಮೊಬೈಲ್ ಸಿಗ್ನಲ್ ಸಿಗುವ ದಿಬ್ಬದವರೆಗೆ ನಡೆಯಬೇಕಾದೀತು, ಆ ಮಾತು ಬೇರೆ.